ಸೆಟ್ ಒಡೆಯಬಾರದು: ಮಡಗಾಂವಿನ ಒಂದು ಹಳೆ ಕಾರು ಮತ್ತು ಬೆಲೆಯ ಲೆಕ್ಕ

ಕಳೆದ ನವೆಂಬರಿನಲ್ಲಿ ಮಡಗಾಂವಿನ ನಮ್ಮ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಇಬ್ಬರು ಬೇರೆ ಬೇರೆ ದಿನ ಬಂದು ಒಂದೇ ವಸ್ತುವಿಗೆ ಬೆಲೆ ಕಟ್ಟಿದರು. ಅದು ಅಂಗಡಿಯ ಸಾಮಾನಲ್ಲ. ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿರುವ ಉಪ್ಪನ ಕಾರು. 2001ರ ಹೋಂಡಾ ಸಿಟಿ 1.5 ವಿಟೆಕ್, ಜಿಎ-02 ನಂಬರಿನದ್ದು.

ಮೊದಲು ಬಂದವರು ಬೆಳಗಾವಿಯವರು. 2,75,000 ರೂಪಾಯಿ ಕೊಡುತ್ತೇನೆ ಎಂದರು. ಅವರಿಗೆ ಬೇಕಾದದ್ದು ಎಂಜಿನ್ನು, ಗೇರ್‌ಬಾಕ್ಸು, ವೈರಿಂಗು ಮಾತ್ರ. ಇನ್ನೊಂದು ಕಾರಿಗೆ ಕೂರಿಸಲಿಕ್ಕೆ. "ಬಾಡಿ ನೀವೇ ಗುಜರಿಗೆ ಹಾಕಿಕೊಳ್ಳಿ" ಎಂದರು. ಎರಡನೆಯವರು ಫೋಂಡಾದ ಒಬ್ಬ ಮೇಷ್ಟ್ರು. ಕಾರು ಇದ್ದ ಹಾಗೆಯೇ ಬೇಕು, ಆದರೆ 1,90,000ಕ್ಕಿಂತ ಹೆಚ್ಚು ತನ್ನಿಂದಾಗದು ಎಂದರು. ಹೋಗುವಾಗ ಒಂದು ಮಾತು ಹೇಳಿದರು: "ಇದು ಮುಂದೆ ಬೆಲೆಬಾಳುವ ಕಾರು, ನೋಡ್ತಾ ಇರಿ."

ಆ ಮಾತು ನನ್ನ ತಲೆಯಲ್ಲಿ ಕೂತಿತು. ಈ ವರ್ಷ ನಮ್ಮ ಅಂಗಡಿಯಿರುವ ಹಳೆ ಕಟ್ಟಡ ಕೆಡವುತ್ತಾರೆ. ಹೊಸ ಜಾಗಕ್ಕೆ ಡೆಪಾಸಿಟ್ ಕೊಡಬೇಕು. ದಮ್ಮಾಮಿನಲ್ಲಿರುವ ತಮ್ಮನದ್ದು ಒಂದೇ ಮಾತು, "ಹೆಚ್ಚು ಕೊಡುವವನಿಗೆ ಕೊಟ್ಟುಬಿಡಿ." ಉಪ್ಪನಿಗೆ 71, ಕಣ್ಣಿನ ಆಪರೇಷನ್ ಆದ ಮೇಲೆ ಕಾರು ಬಿಡುವುದಿಲ್ಲ. ಹಾಗಾಗಿ ಪ್ರಶ್ನೆ ನನ್ನ ಮೇಲೆ ಬಿತ್ತು. ಒಂದು ಸಾಮಾನ್ಯ ಸೆಡಾನ್, ಸ್ವಲ್ಪ ಜೋರಾಗಿ ಓಡುತ್ತಿತ್ತು ಎಂಬ ಕಾರಣಕ್ಕೆ, ಮುಂದೊಂದು ದಿನ ನಿಧಿಯಾಗುತ್ತದೆಯೇ? ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ಅಂಗಡಿಯವನ ಮಗ. ಎರಡೂ ಕಡೆಯಿಂದ ಲೆಕ್ಕ ಹಾಕಿ ನೋಡೋಣ ಅಂದುಕೊಂಡೆ. ಲೆಕ್ಕಕ್ಕೆ ಚರಿತ್ರೆಯೇ ಬೇಕಾಯಿತು, ಮತ್ತು ಆ ಚರಿತ್ರೆ ಗೋವಾದಲ್ಲೇ ಸಿಕ್ಕಿತು.

ಬೆನ್ಜ್ ಟ್ಯಾಕ್ಸಿಯ ಕಾಲ

ಗೋವಾ ಕಾರುಗಳ ವಿಷಯದಲ್ಲಿ ಭಾರತದ ಉಳಿದ ಭಾಗದಂತಿರಲಿಲ್ಲ. 1950ರ ದಶಕದಲ್ಲಿ ಅತ್ತ ಮಂಗಳೂರಿನಲ್ಲಿ ಹೊಸ ಕಾರೆಂದರೆ ಹಿಂದುಸ್ತಾನ್, ಫಿಯೆಟ್, ಸ್ಟ್ಯಾಂಡರ್ಡ್, ಇಷ್ಟೇ. ಹೊರಗಿನ ಕಾರು ತರಿಸಲು ಸರಕಾರ ಬಿಡುತ್ತಿರಲಿಲ್ಲ. ಇತ್ತ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಯುರೋಪಿನ ಸಾಮಾನು ಹಡಗಿನಲ್ಲಿ ನೇರ ಮುರ್ಮುಗೋವಾ ಬಂದರಿಗೆ ಬರುತ್ತಿತ್ತು. 1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹಾಕಿದ ಮೇಲೆ ಗೋವಾ ಹೊರದೇಶದ ಸಾಮಾನನ್ನು ಇನ್ನಷ್ಟು ನೆಚ್ಚಿಕೊಂಡಿತು. ಕಬ್ಬಿಣದ ಅದಿರು ಜಪಾನಿಗೆ, ಪಶ್ಚಿಮ ಜರ್ಮನಿಗೆ ಹೋಗುತ್ತಿತ್ತು, ಕೈಯಲ್ಲಿ ದುಡ್ಡೂ ಇತ್ತು. ಪೋರ್ಚುಗಲ್ 1928ರಲ್ಲೇ ರಸ್ತೆಯ ಬಲಬದಿಗೆ ಬದಲಾದರೂ ಗೋವಾದ ಗಾಡಿಗಳು ಪಕ್ಕದ ಭಾರತದಂತೆ ಎಡಬದಿಯಲ್ಲೇ ಓಡಿದವು. ಹಾಗಾಗಿ 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿದಾಗ ಇಲ್ಲಿನ ಕಾರುಗಳು ಏನೂ ಬದಲಾಯಿಸದೆ ಭಾರತದ ರಸ್ತೆಗೆ ಇಳಿಯಬಹುದಿತ್ತು.

ಆ ಕಾರುಗಳಲ್ಲಿ ಒಂದು ಮರ್ಸಿಡಿಸ್ 180 ಡಿ. 1954ರಲ್ಲಿ ಜರ್ಮನಿಯಲ್ಲಿ ಬಂದ ಮಾದರಿ, 1.8 ಲೀಟರಿನ ಡೀಸೆಲ್ ಎಂಜಿನ್, ಶಕ್ತಿ 40 ಅಶ್ವಶಕ್ತಿಯ ಆಸುಪಾಸು. ಇವತ್ತಿನ ಒಂದು ಸಣ್ಣ ಆಲ್ಟೊದಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ನಮ್ಮ ಅಂಗಡಿಗೆ ಬರುವ ಹಿರಿಯ ಮೆಕ್ಯಾನಿಕ್ ಒಬ್ಬರು ಹುಡುಗರಾಗಿದ್ದಾಗ ಮಡಗಾಂವಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೆನ್ಜ್ ಕಾರುಗಳು ಸಾಲಾಗಿ ನಿಲ್ಲುತ್ತಿದ್ದುದನ್ನು ಇವತ್ತಿಗೂ ಹೇಳುತ್ತಾರೆ. ಅವರಿಗೆ ಅದು ಐಷಾರಾಮವಲ್ಲ. ಮೀನಿನ ಬುಟ್ಟಿಯೂ ಮದುಮಗಳೂ ಒಂದೇ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದ ಕಾಲ.

ಆಮೇಲೆ ಏನಾಯಿತು? ಭಾರತದ ಆಮದು ನಿರ್ಬಂಧ ಗೋವಾಕ್ಕೂ ಬಂತು. ಬಿಡಿಭಾಗ ಸಿಗುವುದು ಕಷ್ಟವಾಯಿತು. ಎಂಜಿನ್ ಸೋತಾಗ ಮಾಲೀಕರು ಎರಡರಲ್ಲಿ ಒಂದು ಮಾಡಿದರು. ಕೆಲವರು ಗುಜರಿಗೆ ಹಾಕಿದರು. ಕೆಲವರು ಟೆಂಪೊ ಎಂಜಿನ್ ಕೂರಿಸಿದರು. ಬಜಾಜ್ ಟೆಂಪೊ ಕಂಪೆನಿ 1980ರ ದಶಕದಲ್ಲಿ ಮರ್ಸಿಡಿಸ್‌ನಿಂದಲೇ ತಂತ್ರಜ್ಞಾನ ಪಡೆದು ಒಎಂ 616 ಎಂಬ ಡೀಸೆಲ್ ಎಂಜಿನ್ ಮಾಡುತ್ತಿತ್ತು. ಅದೇ ವಂಶದ ಎಂಜಿನ್ನಾದ್ದರಿಂದ ಹಳೆ ಬೆನ್ಜಿಗೆ ಹೊಂದಿಸುವುದು ಸುಲಭ. "ಟೆಂಪೊ ಎಂಜಿನ್ ಇಲ್ಲದಿದ್ದರೆ ಒಂದೂ ಉಳಿಯುತ್ತಿರಲಿಲ್ಲ" ಎನ್ನುತ್ತಾರೆ ಆ ಮೆಕ್ಯಾನಿಕ್. ಅವರೇ ನಾಲ್ಕೈದು ಕಾರುಗಳಿಗೆ ಈ ಕೆಲಸ ಮಾಡಿದವರು.

ಇವತ್ತು ಅಂಥ ಒಂದು ಟ್ಯಾಕ್ಸಿ ಮೂಲ ಎಂಜಿನ್ನಿನ ಸಮೇತ ಉಳಿದಿದ್ದರೆ ಹಳೆಕಾರಿನ ರ‍್ಯಾಲಿಯಲ್ಲಿ ಜನ ಅದರ ಪಕ್ಕ ನಿಂತು ಫೋಟೊ ತೆಗೆಯುತ್ತಾರೆ. ಟೆಂಪೊ ಎಂಜಿನ್ ಹಾಕಿ ಉಳಿಸಿದ ಕಾರಿಗೆ ಅಷ್ಟು ಬೆಲೆಯಿಲ್ಲ. ಕಾರನ್ನು ಬದುಕಿಸಿದ ಕೆಲಸವೇ ಅದರ ಬೆಲೆಯನ್ನೂ ತಿಂದಿತು. ಇದನ್ನು ನೆನಪಿಡಿ, ಕೊನೆಗೆ ಮತ್ತೆ ಬರುತ್ತೇನೆ.

ಕಿಲೋ ಲೆಕ್ಕದಲ್ಲಿ ಮಾರಿದ್ದು

ಎರಡನೆಯ ಪಾಠ ನಮ್ಮ ಅಂಗಡಿಯದ್ದೇ. ಉಪ್ಪ 1982ರಲ್ಲಿ ಊರಿನಿಂದ ಬಂದು ಇಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ನಿಂತವರು. 1991ರಲ್ಲಿ ಸ್ವಂತ ಅಂಗಡಿ ಹಾಕಿದರು. ಆಗ ದೊಡ್ಡವರ ಕಾರೆಂದರೆ ಕಾಂಟೆಸ್ಸಾ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟರ್ಸ್ 1984ರಿಂದ ಮಾಡಿದ ಕಾರು. ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯ 1970ರ ದಶಕದ ಅಚ್ಚು. ಮೊದಲು ಅಂಬಾಸಿಡರಿನ 1.5 ಲೀಟರ್ ಎಂಜಿನ್ ಹಾಕಿದ್ದರು, ಅಷ್ಟು ದೊಡ್ಡ ಮೈಗೆ ಅದು ಸಾಲುತ್ತಿರಲಿಲ್ಲ. ಆಮೇಲೆ ಜಪಾನಿನ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದ ಮೇಲೆ ಕಾಂಟೆಸ್ಸಾ ನಿಜವಾಗಿ ಓಡತೊಡಗಿತು. ಆ ಕಾಲದ ಭಾರತದಲ್ಲಿ "ಪವರ್ ಇರುವ ಸೆಡಾನ್" ಎಂದರೆ ಅದೇ.

1993ರಲ್ಲಿ ಕಾರು ಉದ್ಯಮಕ್ಕಿದ್ದ ಲೈಸೆನ್ಸ್ ಹೋಯಿತು. ಎಸ್ಟೀಮ್, ಸಿಯೆಲೊ, ಆಸ್ಟ್ರಾ, ಎಸ್ಕಾರ್ಟ್, ಲ್ಯಾನ್ಸರ್ ಒಂದರ ಹಿಂದೆ ಒಂದು ಬಂದವು. ಕಾಂಟೆಸ್ಸಾ 2002ಕ್ಕೆ ನಿಂತಿತು. 2009ರ ಹೊತ್ತಿಗೆ ನಮ್ಮ ಅಟ್ಟದಲ್ಲಿ ಅದರ ಬಿಡಿಭಾಗಗಳು ಧೂಳು ತಿನ್ನುತ್ತಿದ್ದವು. ಅಂಗಡಿಯವನಿಗೆ ಡೆಡ್ ಸ್ಟಾಕ್ ಎಂದರೆ ಜಾಗಕ್ಕೆ ಬಾಡಿಗೆ ಕಟ್ಟುತ್ತಿರುವ ಸಾಲ. ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಫಿಲ್ಟರು ತಿಂಗಳಿಗೆ ಹತ್ತು ಸಲ ಹೊರಗೆ ಹೋಗಿ ಒಳಗೆ ಬರುತ್ತವೆ. ಕಾಂಟೆಸ್ಸಾದ ಗ್ರಿಲ್ಲು ಏಳು ವರ್ಷದಿಂದ ಅಲ್ಲೇ ಕೂತಿತ್ತು. ಉಪ್ಪ ಗುಜರಿಯವನನ್ನು ಕರೆಸಿ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಟ್ಟರು. ತೂಕ ಹಾಕಿದ್ದು ನಾನೇ.

ಈಗ ವರ್ಷಕ್ಕೆ ಎರಡು ಮೂರು ಫೋನ್ ಬರುತ್ತವೆ. "ಕಾಂಟೆಸ್ಸಾದ ಹಳೆ ಸ್ಟಾಕ್ ಏನಾದರೂ ಉಂಟಾ?" ಚೆನ್ನಾಗಿ ಉಳಿದ ಕಾಂಟೆಸ್ಸಾಕ್ಕೆ ಮಾರುವವರು ಹಲವು ಲಕ್ಷ ಕೇಳುತ್ತಾರೆ. ಅದರ ದೊಡ್ಡಣ್ಣ ಅಂಬಾಸಿಡರಿನ ಕಥೆ ಇನ್ನೂ ವಿಚಿತ್ರ. 2014ರ ಮೇ ತಿಂಗಳಲ್ಲಿ ಕಾರಿನ ತಯಾರಿಕೆ ನಿಂತಿತು. ಹಳೆ ಅಂಬಾಸಿಡರುಗಳು ಎಲ್ಲೆಲ್ಲೂ ಗುಜರಿ ಬೆಲೆಗೆ ಹೋಗುತ್ತಿದ್ದಾಗಲೇ, 2017ರಲ್ಲಿ ಆ ಹೆಸರನ್ನು ಮಾತ್ರ ಫ್ರಾನ್ಸಿನ ಪೂಜೊ ಕಂಪೆನಿ 80 ಕೋಟಿ ರೂಪಾಯಿಗೆ ಕೊಂಡಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆ ತುಂಬ ಇದ್ದವು. ಕೊನೆಯದ್ದು ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಅಲ್ಲಿನ ಟ್ಯಾಕ್ಸಿಗೆ 20 ವರ್ಷದ ಮಿತಿ. 2023ರ ಅಕ್ಟೋಬರ್ ಮುಗಿಯುವಾಗ ಒಂದೂ ಇಲ್ಲ. ಎಲ್ಲೆಲ್ಲೂ ಇದ್ದ ವಸ್ತುವನ್ನು ಯಾರೂ ಎತ್ತಿಡುವುದಿಲ್ಲ. ಅದಕ್ಕೇ ಅದು ಬೇಗ ಇಲ್ಲವಾಗುತ್ತದೆ.

ಹೊರಗಿನವರ ಕಥೆ ಮತ್ತು ನಮ್ಮದು

ಯುರೋಪಿನಲ್ಲಿ ಮನೆ ಬಳಕೆಯ ಕಾರುಗಳು ನಿಧಿಯಾದ ಉದಾಹರಣೆಗಳು ಬೇಕಷ್ಟಿವೆ. ಬಿಎಂಡಬ್ಲ್ಯು ತನ್ನ ಇ30 ಮಾದರಿಯ 3 ಸೀರೀಸ್ ಕಾರನ್ನು 20 ಲಕ್ಷಕ್ಕೂ ಹೆಚ್ಚು ಮಾಡಿತು. ಅದರೊಳಗಿಂದ ಹುಟ್ಟಿದ ಎಂ3 ಇವತ್ತು ದೊಡ್ಡ ಬೆಲೆಗೆ ಹರಾಜಾಗುತ್ತದೆ. ಕಾರಣ ರೇಸಿನ ನಿಯಮ. ಗ್ರೂಪ್ ಎ ಎಂಬ ವಿಭಾಗದಲ್ಲಿ ಓಡಿಸಬೇಕಾದರೆ ಅಂಥದ್ದೇ ಕಾರು 5,000 ಮಾಡಿ ಜನರಿಗೆ ಮಾರಬೇಕಿತ್ತು. ಫೋರ್ಡ್ 1987ರಲ್ಲಿ ತನ್ನ ಸಿಯೆರಾ ಎಂಬ ಕುಟುಂಬದ ಕಾರಿನ ಆರ್‌ಎಸ್ 500 ಮಾದರಿಯನ್ನು ಹೆಸರಿಗೆ ತಕ್ಕಂತೆ 500 ಮಾತ್ರ ಮಾಡಿತು. ಹೊರಗಿನಿಂದ ನೆರೆಮನೆಯ ಕಾರಿನಂತೆ ಕಾಣಬೇಕು, ಒಳಗೆ ರೇಸಿನ ಚರಿತ್ರೆ ಇರಬೇಕು, ಎಣಿಸಿದಷ್ಟೇ ಇರಬೇಕು. ಈ ಮೂರೂ ಕೂಡಿದಲ್ಲಿ ಬೆಲೆ ಏರಿತು.

ಭಾರತದಲ್ಲಿ ಇದಕ್ಕೆ ಹತ್ತಿರದ್ದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2004ರಲ್ಲಿ ಬಂದಾಗ 1.8 ಲೀಟರ್ ಟರ್ಬೊ ಪೆಟ್ರೋಲ್, 150 ಅಶ್ವಶಕ್ತಿ. 2020ರಲ್ಲಿ ಅದೇ ಹೆಸರಿನ ಆರ್‌ಎಸ್ 245 ಕಾರನ್ನು 35.99 ಲಕ್ಷಕ್ಕೆ ತಂದಾಗ ಇಡೀ ದೇಶಕ್ಕೆ 200 ಎಂದು ಕಂಪೆನಿಯೇ ಹೇಳಿತು. ಅಂಥ ಕಾರು ಕೊಳ್ಳುವವನು ಮೊದಲ ದಿನವೇ ಅದನ್ನು ಎತ್ತಿಡುವ ಮನಸ್ಸಿನಲ್ಲಿ ಕೊಳ್ಳುತ್ತಾನೆ.

ನಮ್ಮ ಸಿಟಿಗೆ ಅಂಥ ಅದೃಷ್ಟವಿಲ್ಲ. ಹೋಂಡಾ ಸಿಟಿ ಭಾರತಕ್ಕೆ ಬಂದದ್ದು 1998ರಲ್ಲಿ. ವಿಟೆಕ್ ಮಾದರಿ ಬಂದದ್ದು 2000ದಲ್ಲಿ, 106 ಅಶ್ವಶಕ್ತಿ. ಅದರ ಕೆಲಸ ಸರಳವಾಗಿ ಹೇಳುತ್ತೇನೆ. ಎಂಜಿನ್ ಮೆಲ್ಲಗೆ ತಿರುಗುವಾಗ ವಾಲ್ವುಗಳು ಸ್ವಲ್ಪವೇ ತೆರೆಯುತ್ತವೆ, ಪೆಟ್ರೋಲ್ ಉಳಿಯುತ್ತದೆ. ವೇಗ ಏರಿದಾಗ ಆಯಿಲಿನ ಒತ್ತಡಕ್ಕೆ ಒಂದು ಸಣ್ಣ ಪಿನ್ನು ಸರಿದು ರಾಕರ್ ಆರ್ಮುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ಎತ್ತರದ ಕ್ಯಾಮು ಕೆಲಸಕ್ಕಿಳಿದು ವಾಲ್ವುಗಳನ್ನು ಇನ್ನೂ ಆಳಕ್ಕೆ, ಇನ್ನೂ ಹೆಚ್ಚು ಹೊತ್ತು ತೆರೆಯುತ್ತದೆ. ಒಂದೇ ಎಂಜಿನ್ನಿನಲ್ಲಿ ಎರಡು ಸ್ವಭಾವ. 2003ರಲ್ಲಿ ಹೊಸ ಸಿಟಿ ಬಂದಾಗ ಶಕ್ತಿ 77ಕ್ಕೆ ಇಳಿದಿತ್ತು, ಮೈಲೇಜ್ ಏರಿತ್ತು. ಜನ ಅದನ್ನೇ ಕೊಂಡರು. ಹಳೆ ವಿಟೆಕ್ ಓಡಿಸಿದ ಹುಡುಗರು ಮಾತ್ರ ಮರೆಯಲಿಲ್ಲ.

ಉಪ್ಪ ಇದನ್ನು 2006ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡರು, 3,20,000 ರೂಪಾಯಿಗೆ. ನಾನು ಮಂಗಳೂರಿನಲ್ಲಿ ಡಿಪ್ಲೊಮಾ ಮಾಡುವಾಗ ಅವರು ಆಗಿನ ಎನ್‌ಎಚ್ 17ರಲ್ಲಿ ಕಾರವಾರ, ಅಂಕೋಲಾ, ಕುಂದಾಪುರ ದಾಟಿ ನನ್ನನ್ನು ಬಿಡಲು ಬರುತ್ತಿದ್ದರು. ರೈಲು ಇತ್ತು, ಆದರೆ ಉಮ್ಮ ಕಟ್ಟಿದ ಬುಟ್ಟಿಗಳಿಗೆ ಡಿಕ್ಕಿಯೇ ಬೇಕಿತ್ತು. ಊರಿನ ಮದುವೆಗಳಲ್ಲಿ ಮದುಮಗನನ್ನು ಕೂರಿಸಲು ಈ ಕಾರನ್ನು ಕೇಳುತ್ತಿದ್ದರು. ಅಷ್ಟೇ ಇದರ ಚರಿತ್ರೆ. ರೇಸೂ ಇಲ್ಲ, ನಂಬರ್ ಹಾಕಿದ ಫಲಕವೂ ಇಲ್ಲ.

ನಡುವಿನ ಮೂವತ್ತೈದು ವರ್ಷ

ಈಗ ಕಾನೂನಿನ ಲೆಕ್ಕ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿಯಲ್ಲಿ ಹಳೆ ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲಿಗೆ 10 ವರ್ಷ ಎಂಬ ತಡೆ ಬಂದಂತೆ ಗೋವಾದಲ್ಲಿ ಬಂದಿಲ್ಲ. ಆದರೆ ಶುಲ್ಕ ಏರಿದೆ. ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಎಂದು ಮಾಡಿದರು. ನಮ್ಮ ಕಾರು 2016ರಲ್ಲಿ, 2021ರಲ್ಲಿ ನವೀಕರಣವಾಗಿದೆ. ಈ ಮಾರ್ಚಿಗೆ ಮತ್ತೆ ಬಂತು.

ಇನ್ನೊಂದು ತುದಿಯಲ್ಲಿ ಕಾನೂನು ಹಳೆ ಕಾರಿಗೆ ಗೌರವ ಕೊಡುತ್ತದೆ. 2021ರ ಜುಲೈಯಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಕಾರು ವಿಂಟೇಜ್. ಅದಕ್ಕೆ ವಿಎ ಅಕ್ಷರಗಳಿರುವ ಬೇರೆಯೇ ನಂಬರು, 20,000 ರೂಪಾಯಿ ಶುಲ್ಕ. ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬಹುದು, ದಿನನಿತ್ಯಕ್ಕಲ್ಲ. ಒಂದು ಷರತ್ತು: ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಟೆಂಪೊ ಎಂಜಿನ್ನಿನ ಬೆನ್ಜ್ ನೆನಪಾಯಿತಲ್ಲ?

15ಕ್ಕೂ 50ಕ್ಕೂ ನಡುವೆ 35 ವರ್ಷ. ಆ ಅವಧಿಯಲ್ಲಿ ಕಾರು ಹೊಸದೂ ಅಲ್ಲ, ಹಳೆಯದೂ ಅಲ್ಲ. ಬರೀ ಹಳತು. ಕಾನೂನಿಗೆ ಅದು ಹೊಗೆ, ಬ್ಯಾಂಕಿಗೆ ಸೊನ್ನೆ, ಮನೆಯವರಿಗೆ ಜಾಗ ತಿನ್ನುವ ವಸ್ತು. ನಮ್ಮ ಸಿಟಿಗೆ 50 ತುಂಬುವುದು 2051ರಲ್ಲಿ. ಅಷ್ಟರೊಳಗೆ 2026, 2031, 2036, 2041, 2046 ಹೀಗೆ ಐದು ನವೀಕರಣ. ಇವತ್ತಿನ ದರ ಹಿಡಿದರೂ ಶುಲ್ಕವೇ 50,000. ಆಗ ನನಗೆ 62.

ಅದಕ್ಕಿಂತ ದೊಡ್ಡ ಶತ್ರು ತುಕ್ಕು. ಗೋವಾದ ಮಳೆ, ಕಡಲ ಉಪ್ಪುಗಾಳಿ. ತುಕ್ಕು ಮೇಲಿನ ಪೈಂಟಿನಿಂದ ಶುರುವಾಗುವುದಿಲ್ಲ. ಚಕ್ರದ ಕಮಾನಿನ ಒಳಅಂಚು, ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಇಡುವ ಗುಂಡಿ, ಕಾಲಿಡುವ ಜಾಗದ ಮ್ಯಾಟಿನಡಿ, ಇಲ್ಲಿಂದ ತಿನ್ನುತ್ತಾ ಬರುತ್ತದೆ. ಬೆನ್ಜ್ ಟ್ಯಾಕ್ಸಿಯಲ್ಲಿ ಕಬ್ಬಿಣ, ಪಂಪು, ನಳಿಗೆ ಇಷ್ಟೇ ಇತ್ತು, ಲೇತಿನಲ್ಲಿ ಮಾಡಿಸಬಹುದಿತ್ತು. ಸಿಟಿಯಲ್ಲಿ ಎಂಜಿನ್ನಿಗೆ ಎಲೆಕ್ಟ್ರಾನಿಕ್ ತಲೆಯಿದೆ, ಪ್ಲಾಸ್ಟಿಕ್ ಕ್ಲಿಪ್ಪುಗಳಿವೆ, ರಬ್ಬರು ಪೈಪುಗಳಿವೆ. ಈಗ ಬಂಕುಗಳಲ್ಲಿ ಬರುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ರಬ್ಬರನ್ನು ಅದಕ್ಕೆಂದು ಮಾಡಿರಲಿಲ್ಲ. ಇವನ್ನು ಯಾವ ಲೇತೂ ಮಾಡಿಕೊಡದು.

ಹಾಗಾದರೆ ಉತ್ತರವೇನು? ನನಗೆ ತೋರುವುದು ಹೀಗೆ. ಸಾಮಾನ್ಯ ಸೆಡಾನಿಗೆ ವೇಗ ಬೆಲೆ ಕೊಡುವುದಿಲ್ಲ. ಬೆಲೆಯಿಲ್ಲದ ಆ 35 ವರ್ಷ ಯಾರೋ ನಷ್ಟ ತಿಂದು ಅದನ್ನು ಇಡಿಯಾಗಿ ಉಳಿಸಬೇಕು. ಸಿಟಿ ವಿಟೆಕ್‌ಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗುತ್ತವೆ, ಕೆಲವು ಎಂಜಿನ್ ಕಳಚಿಕೊಂಡು ಹೋಗುತ್ತವೆ. ಕೊನೆಗೆ ಇಡಿಯಾಗಿ ಉಳಿಯುವ ಬೆರಳೆಣಿಕೆಯವಕ್ಕೆ ಒಳ್ಳೆಯ ಬೆಲೆ ಬಂದೀತು. ಆದರೆ ಆ ಬೆಲೆ ಉಳಿಸಿದವನ ಕೈಗೆ ಬರುವುದು ಕಡಿಮೆ.

ಉಪ್ಪನ ಲೆಕ್ಕ

ಇದನ್ನೆಲ್ಲ ಒಂದು ರಾತ್ರಿ ಉಪ್ಪನಿಗೆ ಹೇಳಿದೆ. ಅವರು ಕ್ಯಾಲ್ಕುಲೇಟರ್ ತೆಗೆದರು. "2006ರಲ್ಲಿ ಚಿನ್ನ ಹತ್ತು ಗ್ರಾಮಿಗೆ ಎಷ್ಟಿತ್ತು?" ಎಂಟೊಂಬತ್ತು ಸಾವಿರ. ಒಂಬತ್ತು ಎಂದೇ ಹಿಡಿದರೂ 3,20,000ಕ್ಕೆ 355 ಗ್ರಾಂ, ಅಂದರೆ 44 ಪವನ್. ಈಗ ಹತ್ತು ಗ್ರಾಂ ಒಂದು ಲಕ್ಷ ದಾಟಿದೆ. ಒಂದು ಲಕ್ಷ ಎಂದೇ ಇಟ್ಟರೂ 35 ಲಕ್ಷಕ್ಕೂ ಮೇಲೆ. ಕಾರಿಗೆ ಬಂದ ದೊಡ್ಡ ಬೆಲೆ 2,75,000.

ಉಪ್ಪ ಸ್ವಲ್ಪ ಹೊತ್ತು ಆ ಅಂಕಿ ನೋಡಿದರು. "ಆಯ್ತಲ್ಲ ಮೋನೆ, ವ್ಯಾಪಾರ ಅಂತ ನೋಡಿದ್ರೆ ಇದು ನಷ್ಟ. ಓಡಾಡಿದ್ದೇವೆ, ಅದಕ್ಕೆ ಬಾಡಿಗೆ ಕೊಟ್ಟ ಹಾಗೆ." ಕ್ಯಾಲ್ಕುಲೇಟರ್ ಮುಚ್ಚಿಟ್ಟರು.

ಹಾಗಾದರೆ ಬೆಳಗಾವಿಯವರಿಗೇ ಕೊಡುವುದಾ ಎಂದು ಕೇಳಿದೆ. 85,000 ಹೆಚ್ಚು. ಡೆಪಾಸಿಟ್ಟಿನ ದೊಡ್ಡ ಭಾಗ ಅದರಲ್ಲೇ ಆಗುತ್ತದೆ. ಉಪ್ಪ ತಲೆ ಅಲ್ಲಾಡಿಸಿದರು.

"ನಾನು ಅಂಗಡಿ ಹಾಕಿದ ಮೇಲೆ ಸೆಟ್ ಒಡೆದು ಮಾರಿದ್ದು ಒಂದೇ ಸಲ. ಬ್ರೇಕ್ ಶೂ. ಗಿರಾಕಿ ಎರಡು ಸಾಕು ಅಂದ, ಡಬಲ್ ರೇಟ್ ಕೊಟ್ಟ. ಉಳಿದ ಎರಡು ಇವತ್ತಿಗೂ ಮೇಲಿನ ಶೆಲ್ಫಲ್ಲಿ ಉಂಟು. ಸೆಟ್ ಒಡೆಯಬಾರದು."

ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಎಂತ ಮಾರಾಯ, 85 ಸಾವಿರದ ಬ್ರೇಕ್ ಶೂವಾ?" ಎಂದ. ಅವನು ಹೇಳಿದ್ದು ತಪ್ಪಲ್ಲ. ಆ ದುಡ್ಡಿಗೆ ಅವನ ಎಷ್ಟು ದಿನದ ಓವರ್‌ಟೈಮ್ ಬೇಕೆಂದು ನನಗೂ ಗೊತ್ತು. ಕೊನೆಗೆ ನಾನು ವೆರ್ಣಾದ ಕಂಪೆನಿಯಿಂದ ಸಂಬಳದ ಮೇಲೆ ಸಾಲ ಎತ್ತಿ ಆ ಕೊರತೆ ತುಂಬಿದೆ. 18 ಕಂತು. ಹಳೆ ಕಾರಿನ ಬಗ್ಗೆ ಪ್ರೀತಿಯಿಂದ ಬರೆಯುವವರು ಇಂಥ ಕಂತುಗಳನ್ನು ಬರೆಯುವುದಿಲ್ಲ, ಅದಕ್ಕೆ ನಾನು ಬರೆದಿದ್ದೇನೆ.

ಫೋಂಡಾದ ಮೇಷ್ಟ್ರು ಫೆಬ್ರವರಿಯ ಒಂದು ಭಾನುವಾರ ಬಂದರು. ಅವರೊಂದಿಗೆ ಹತ್ತು ವರ್ಷದ ಮಗಳಿದ್ದಳು. 2051ಕ್ಕೆ ಅವಳಿಗೆ 35 ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಕಾರನ್ನು ರ‍್ಯಾಂಪಿಗೆ ಹತ್ತಿಸಿ ಅಡಿಭಾಗ ತೋರಿಸಿದೆ. ಎಲ್ಲೆಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ನಾನು ಬೆಸುಗೆ ಹಾಕಿಸಿದ್ದೇನೆ, ಎಲ್ಲ ಹೇಳಿದೆ. ಪಾಲಿಷಿಗೆ ದುಡ್ಡು ಹಾಕಬೇಡಿ, ಪ್ರತಿ ಮಳೆಗಾಲದ ಮುಂಚೆ ಅಡಿಗೆ ಆಂಟಿರಸ್ಟ್ ಹೊಡೆಸಿ ಎಂದೆ.

ಲೆಕ್ಕ ಮುಗಿದ ಮೇಲೆ ಉಪ್ಪ ಅಟ್ಟದಿಂದ ಒಂದು ಡಬ್ಬ ಇಳಿಸಲು ಹೇಳಿದರು. ಅದರಲ್ಲಿ ಸಿಟಿಯ ಹಿಂದಿನ ಲೈಟು, ಎಡ ಬಲ ಎರಡೂ, ಬಿಚ್ಚದ ಪ್ಯಾಕ್. 18 ವರ್ಷದ ಡೆಡ್ ಸ್ಟಾಕ್. ಮೇಷ್ಟ್ರ ಕಣ್ಣು ಅರಳಿತು. "ಇದಕ್ಕೆ ಎಷ್ಟು ಬೇಕಾದರೂ ಕೇಳಿ" ಎಂದರು. ಉಪ್ಪ ಕನ್ನಡಕ ಏರಿಸಿ ಡಬ್ಬದ ಬದಿಯಲ್ಲಿದ್ದ ಸ್ಟಿಕ್ಕರನ್ನು ಬೆಳಕಿಗೆ ಹಿಡಿದು ಓದಿದರು. ಅದರಲ್ಲಿದ್ದ ಹಳೆ ಎಂಆರ್‌ಪಿಯನ್ನೇ ಬಿಲ್ಲಿನಲ್ಲಿ ಬರೆದರು.